ಶಿವಲಿಂಗಪ್ಪನವರ ಕತ್ತಿಗೆ ಹೊಸ ಹಿಡಿ

ಈಚೆಗೆ ನಾನೊಂದು ಕತ್ತಿ ಮುರಿದೆ. ಯುದ್ಧದಲ್ಲಲ್ಲ, ಘಾಟ್ಕೋಪರ್‌ನ ಒಂದು ಸಲೂನಿನಲ್ಲಿ.

ಸಲೂನು ಸಿಂದಗಿ ಕಡೆಯ ಶಿವಲಿಂಗಪ್ಪನವರದು. ಇಪ್ಪತ್ತು ವರ್ಷಗಳಿಂದ ನನ್ನ ತಲೆ ಅವರ ಕೈಯಲ್ಲಿದೆ. ಗಿರಾಕಿಗಳಿಗೆಲ್ಲ ಬ್ಲೇಡ್ ಸಿಕ್ಕಿಸುವ ಕತ್ತಿ. ಒಮ್ಮೆ ಬಳಸಿದ ಬ್ಲೇಡ್ ನೇರ ಡಬ್ಬಿಗೆ. ಆದರೆ ಕನ್ನಡಿಯ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದಿದೆ. ಹಳೇ ಕಾಲದ್ದು. ಸಾಣೆ ಹಿಡಿದು ಬಳಸುವಂಥದ್ದು. ಎರಡು ಪಟ್ಟಿಯ ಹಿಡಿಯೊಳಗೆ ಅಲಗು ಮಡಚಿ ಕೂರುತ್ತದೆ. ಅದು ಅವರ ಸ್ವಂತ ಗಡ್ಡಕ್ಕೆ ಮಾತ್ರ.

"ಒಮ್ಮೆ ನೋಡ್ಲಾ?" ಎಂದೆ. (ನನ್ನ ಬದುಕಿನ ಬಹುತೇಕ ಅನಾಹುತಗಳು ಶುರುವಾಗಿರುವುದು ಈ ಎರಡು ಪದಗಳಿಂದಲೇ.) ಕೈ ಜಾರಿತು. ಅಲಗಿಗೆ ಏನೂ ಆಗಲಿಲ್ಲ. ಕಪ್ಪು ಕೊಂಬಿನ ಹಿಡಿ ಮಾತ್ರ ಟಕ್ ಎಂದು ಎರಡಾಯಿತು.

"ಇರ್ಲಿ ಬಿಡ್ರಿ ಸರ. ಒಡೀಬೇಕಂತ ಒಡದೀರೇನು?" ಎಂದರು ಶಿವಲಿಂಗಪ್ಪನವರು. ಬೈದಿದ್ದರೆ ಚೆನ್ನಾಗಿತ್ತು. ಏಕೆಂದರೆ ಹತ್ತು ದಿನ ಬಿಟ್ಟು ಗೋರೆಗಾಂವ್‌ನಲ್ಲಿ ಅವರ ಮಗಳ ನಿಶ್ಚಿತಾರ್ಥ. ಬ್ಲೇಡ್ ತಾಗಿದರೆ ಅವರ ಗದ್ದದ ಕೆಳಗೆ ಕೆಂಪು ಗುಳ್ಳೆಗಳು ಏಳುತ್ತವೆ. ಬೇರೆ ಸಲೂನಿಗೆ ಹೋಗಿ ಅಂದರೆ ಕೇಳಲು ಸಿದ್ಧರಿಲ್ಲ.

"ಮೂವತ್ತ ವರ್ಷ ಮಂದೀದು ಮಾಡೀನಿ, ಈಗ ಮಂದಿ ಮುಂದ ನಾ ಕುಂಡ್ರಲೇನು? ಗಡ್ಡ ಬಿಟ್ಕೊಂಡು ಹೋದ್ರ ಬೀಗರು ನಗ್ತಾರ. ಸಲೂನ್ ಇಟ್ಟಾಂವಗ ಇದಕ್ಕೂ ಟೈಮ್ ಇಲ್ಲೇನಂತ!"

ಪ್ರಾಯಶ್ಚಿತ್ತ ನನ್ನದು ತಾನೆ? ಕತ್ತಿಯನ್ನು ಮನೆಗೆ ತಂದು, ಅಲಗಿನ ಉದ್ದ ಅಳೆದು ಆನ್‌ಲೈನ್‌ನಲ್ಲಿ ಹಿಡಿ ತರಿಸಿದೆ. ಕೆನೆ ಬಣ್ಣ, ಮೇಲೆ ಚಿನ್ನದ ಹೂವು. ಹಳೆಯ ಹಿಡಿ ಸವೆದು ಕಡ್ಡಿಯಂತಾಗಿತ್ತು, ಇದು ದಪ್ಪಗೆ, ಮದುಮಗನಂತೆ ಇತ್ತು. ಅಲಗು ಮಡಚಿದರೆ ಅದರ ಹರಿತವಾದ ಅಂಚು ಪಕ್ಕದಿಂದ ಹೊರಗೆ ಇಣುಕಿತು! ಇಂಥದ್ದನ್ನು ಯಾರಾದರೂ ಕಿಸೆಯಲ್ಲಿ ಇಟ್ಟುಕೊಂಡರೆ ಏನು ಗತಿ? ಉದ್ದ ಒಂದನ್ನೇ ಅಳೆದಿದ್ದೆ. ಅಗಲ, ದಪ್ಪ, ಬಾಗು, ಮೊಳೆಯ ತೂತು ಇವೆಲ್ಲ ಅಳೆಯುವ ವಿಷಯಗಳೆಂದೇ ನನಗೆ ಗೊತ್ತಿರಲಿಲ್ಲ.

ಮರುದಿನ ಕತ್ತಿಯ ಗಂಟು ಬ್ಯಾಗಿನಲ್ಲಿಟ್ಟು ದಾದರ್‌ಗೆ ಹೊರಟೆ. (ಲೋಕಲ್‌ನಲ್ಲಿ ಹೋದೆ. ಮೆಟ್ರೋದ ಬ್ಯಾಗ್ ಚೆಕಿಂಗ್‌ಗೆ ಸಿಕ್ಕಿದ್ದರೆ ಈ ಅಂಕಣ ಬೇರೆ ವಿಳಾಸದಿಂದ ಬರುತ್ತಿತ್ತು.) ಮಾರ್ಕೆಟ್ಟಿನ ಹಿಂದೆ ಚಾಕು-ಕತ್ತರಿಗೆ ಹಿಡಿ ಹಾಕುವ ಒಬ್ಬ ಕಾಕಾ ಇದ್ದಾರೆ. ಮುರಿದ ಹಿಡಿ ಕೈಗೆ ಕೊಟ್ಟು, ಇದರ ಹಾಗೇ ಬೇಕು ಅಂದೆ. ಅವರು ಹಿಡಿಯ ಕಡೆ ನೋಡಲೂ ಇಲ್ಲ.

"ಪಾತೆ ಕುಠೆ ಆಹೆ?"

ಕೇಳಿದ್ದು ಅಲಗು ಎಲ್ಲಿ ಎಂದು. ತೆಗೆದು ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು, ವರ್ಷಾನುಗಟ್ಟಲೆ ಸಾಣೆ ಹಿಡಿದು ಇದು ಅರ್ಧ ಆಗಿದೆ ಎಂದರು. ಆಮೇಲೆ ಮುರಿದ ಹಿಡಿಯ ಬಾಲವನ್ನು ಭೂತಗನ್ನಡಿಯಲ್ಲಿ ನೋಡಿ, ನನ್ನನ್ನು ಹತ್ತಿರ ಕರೆದರು. ಅಲ್ಲಿ ಅರದಿಂದ ಉಜ್ಜಿದ ಸಣ್ಣ ಸಣ್ಣ ಗೆರೆಗಳು. ನಾನು ಸವಕಳಿ ಅಂದುಕೊಂಡಿದ್ದು ಸವಕಳಿಯೇ ಅಲ್ಲ! ಅಲಗು ತೆಳುವಾದಂತೆಲ್ಲ ಶಿವಲಿಂಗಪ್ಪನವರು ಹಿಡಿಯನ್ನೂ ಅಷ್ಟಷ್ಟೇ ತಿಕ್ಕಿ ಹಗುರ ಮಾಡುತ್ತ ಬಂದಿದ್ದರು. ಕತ್ತಿ ಬಿಡಿಸಿ ನಡುವಿನ ಮೊಳೆಯ ಕೆಳಗೆ ಬೆರಳಿಟ್ಟರೆ ಎರಡೂ ಕಡೆ ಸಮ ನಿಲ್ಲಬೇಕಂತೆ. ಹಿಡಿ ಭಾರವಾದರೆ ಕೈ ಲೆಕ್ಕ ತಪ್ಪುತ್ತದೆ, ಕುತ್ತಿಗೆಯ ಹತ್ತಿರ. ಇಪ್ಪತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತು ಹರಟೆ ಹೊಡೆದ ನನಗೆ ಇದು ತಿಳಿದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಕಾಕಾ ಕೋಣದ ಕೊಂಬಿನಲ್ಲಿ ಹೊಸ ಹಿಡಿ ಮಾಡಿ ಕೂರಿಸಿಕೊಟ್ಟರು. ಬೇಕೆಂದೇ ಸ್ವಲ್ಪ ದಪ್ಪ ಬಿಟ್ಟಿದ್ದರು. ಉಳಿದದ್ದನ್ನು ಕತ್ತಿಯ ಯಜಮಾನನೇ ತೆಗೆಯಲಿ, ನಾನು ಹೆಚ್ಚು ತೆಗೆದರೆ ಮತ್ತೆ ಅಂಟಿಸಲಾಗುವುದಿಲ್ಲ ಎಂದರು.

ನಿಶ್ಚಿತಾರ್ಥದ ಹಿಂದಿನ ದಿನ, ಮಧ್ಯಾಹ್ನ. ಶಿವಲಿಂಗಪ್ಪನವರ ಮುಖದ ತುಂಬ ಹತ್ತು ದಿನದ ಬಿಳಿ ಗಡ್ಡ. ಕತ್ತಿ ಬಿಡಿಸಿ ಬೆರಳ ಮೇಲಿಟ್ಟರು. ಹಿಡಿಯ ಕಡೆ ವಾಲಿತು. ಅರ ತೆಗೆದು ನಾಲ್ಕು ಸಲ ಎಳೆದರು. ಮತ್ತೆ ಬೆರಳು.

"ಆಯ್ತಲ್ಲ, ಮ್ಯಾಚ್ ಆಯ್ತು!" ಎಂದೆ.

ಅವರು ಅರ ಎತ್ತಿಕೊಂಡರು. ಮತ್ತೆ ನಾಲ್ಕು ಎಳೆತ. "ಈಗಂತೂ ಪರ್ಫೆಕ್ಟ್" ಎಂದೆ. ಮತ್ತೆ ನಾಲ್ಕು. "ಸಾಕು ಬಿಡ್ರಿ, ಇದಕ್ಕಿಂತ ಏನ್ ಬೇಕು?" ಎಂದೆ. ನನಗೆ ಒಂದು ಚಹಾ ಬೇಕಾಗಿತ್ತು, ಅಷ್ಟೇ.

ಅವರು ಅರ ಕೆಳಗಿಟ್ಟರು. ಖಾಲಿ ಕುರ್ಚಿ ನನ್ನ ಕಡೆ ತಿರುಗಿಸಿದರು.

"ಹಂಗಾದ್ರ ಕುಂಡ್ರಿ ಸರ. ಕುತ್ತಿಗಿ ಎತ್ರಿ. ಮದಲ ನಿಮ್ದ ಮಾಡ್ತೀನಿ."

ನಾನು ಕತ್ತಿಯನ್ನು ಇನ್ನೊಮ್ಮೆ ನೋಡಿದೆ. ಅಂದರೆ ಅವತ್ತು ಮೊದಲ ಸಲ ನಿಜವಾಗಿ ನೋಡಿದೆ. "ಇನ್ನೂ ಒಂದ್ ಎಳಿ ವಾಲೇತಿ ಅನಸ್ತದ್ರೀ..." ನನಗರಿವಿಲ್ಲದೆ ಅವರ ಭಾಷೆಯೇ ಬಾಯಿಗೆ ಬಂದಿತ್ತು.

"ಈಗ ಕಣ್ ಬಂತು ನೋಡ್ರಿ ನಿಮಗ!" ಎಂದು ಹೊಟ್ಟೆ ಹಿಡಿದು ನಕ್ಕರು. ಇನ್ನೂ ಅರ್ಧ ಗಂಟೆ ತಿಕ್ಕಿದರು. ಕತ್ತಿ ಬೆರಳ ಮೇಲೆ ಅಲುಗದೆ ನಿಂತ ಮೇಲೆ ತಮ್ಮ ಕೆನ್ನೆಗೆ ಸೋಪು ಹಚ್ಚಿಕೊಂಡರು. ಮರುದಿನ ಗೋರೆಗಾಂವ್‌ನಲ್ಲಿ ಬೀಗರ ನಡುವೆ ಅವರ ಗದ್ದ ಹೊಳೆಯುತ್ತಿತ್ತು. ಒಂದೂ ಗುಳ್ಳೆಯಿರಲಿಲ್ಲ. ನನ್ನ ಎದೆ ಹಗುರಾಯಿತು.

ಅಲ್ಲಿಂದ ಬರುವಾಗ ಮಾತ್ರ ಒಂದು ವಿಷಯ ಕೊರೆಯತೊಡಗಿತು. ಕಳೆದ ತಿಂಗಳು ನಮ್ಮ ಬಿಲ್ಡಿಂಗಿನ ಲಿಫ್ಟ್ ರಿಪೇರಿಯಾಯಿತು. ಸೊಸೈಟಿ ಕಮಿಟಿಯ ಪರವಾಗಿ "ಕೆಲಸ ಸಮಾಧಾನಕರ" ಎಂದು ಬರೆದು ಸಹಿ ಹಾಕಿದವನು ನಾನೇ.

ನನ್ನ ಮನೆ ಗ್ರೌಂಡ್ ಫ್ಲೋರಿನಲ್ಲಿದೆ.