ಹೆಂಡದಂಗಡಿಯಿಂದ ಮದುವೆ ಊಟದ ಕರೆ

ಮಹಾರಾಜರ ಆಳ್ವಿಕೆಯ ಕೊನೆಗಾಲ. ಹುಣಸೂರು ಸುತ್ತಿನಲ್ಲಿ ಮೈಕ್ ಸೆಟ್ಟು ಇದ್ದವನು ನಾನೊಬ್ಬನೇ, ಅದರ ಜಂಬವೂ ಕಡಿಮೆ ಇರಲಿಲ್ಲ. ಮದುವೆಗಳಿಗೆ ಸೆಟ್ಟು ಕಟ್ಟುತ್ತಿದ್ದೆ. ಮದುವೆಯಿಲ್ಲದ ತಿಂಗಳಲ್ಲಿ ಹೆಂಡದಂಗಡಿಗೂ ಕಟ್ಟುತ್ತಿದ್ದೆ. ಸಂತೆಯಲ್ಲಿ ಸೊಪ್ಪು ಮಾರುವ ಅವ್ವ ಇದನ್ನು ಕಟ್ಟೆಮಳಲವಾಡಿಯ ಬೀಗರಾಗಬೇಕಾದವರಿಂದ ಮುಚ್ಚಿಟ್ಟಿದ್ದಳು. "ನಮ್ಮುಡ್ಗ ಮದ್ವೆ ಮನೆ ಬುಟ್ಟು ಬೇರೆ ಕಡೆ ಕಾಲಿಡಾಕಿಲ್ಲ" ಎಂದಿದ್ದಳಂತೆ. ಹುಡುಗಿಯ ಅಪ್ಪ ಹೆಂಡದ ಹೆಸರೆತ್ತಿದರೆ ಉಗಿಯುವ ಮನುಷ್ಯ. ಹುಡುಗಿಯನ್ನು ಒಂದೇ ಸಲ ನೋಡಿದ್ದೆ, ಮನಸ್ಸಿಟ್ಟುಬಿಟ್ಟಿದ್ದೆ.

ಆಷಾಢದ ಒಂದು ಸಂತೆ ದಿನ ಹೆಂಡದಂಗಡಿಗೆ ಕ್ಲಾರಿಯೋನೆಟ್ಟು, ಹಾರ್ಮೋನಿಯಂ, ಡ್ರಮ್ಮಿನ ಬ್ಯಾಂಡು ಬಂದಿತ್ತು. ಡ್ರಮ್ಮಿನವನನ್ನು ಮೂಲೆಗೆ ತಳ್ಳಿ, ಮೈಕನ್ನು ಕ್ಲಾರಿಯೋನೆಟ್ಟಿನ ಮುಂದೆ ನಿಲ್ಲಿಸಿದೆ. ಲೌಡ್‌ಸ್ಪೀಕರಿನ ತುತ್ತೂರಿಯನ್ನು ಒಳಗಿಟ್ಟರೆ ಮೈಕು ಕಿರುಚಿಕೊಳ್ಳುತ್ತದೆ. ಹಾಗಾಗಿ ಅದನ್ನು ಹೊರಗೆ ಸೂರಿಗೆ, ಸಂತೆಯ ಕಡೆ ಮುಖಮಾಡಿ ಕಟ್ಟಿದೆ. ಬ್ಯಾಟರಿ ಜೋಡಿಸಿ ಮೈಕಿಗೆ ಬಾಯಿಟ್ಟೆ. ಹಾಳು ನಾಲಗೆ, ಮದುವೆ ಮನೆಗಳಲ್ಲಿ ಮೈಕು ಪರೀಕ್ಷಿಸುವಾಗ ಆಡುತ್ತಿದ್ದ ಮಾತನ್ನೇ ಆಡಿತು: "ಬಂಧುಗಳೆಲ್ಲ ಊಟಕ್ಕೆ ದಯಮಾಡಿಸಬೇಕು, ವಧೂವರರನ್ನು ಹರಸಬೇಕು."

ಬ್ಯಾಂಡಿನವರು ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಸಂತೆಯಿಂದ ಜನ ಬರತೊಡಗಿದರು, ಕೆಲವರು ಕೈಕಾಲು ತೊಳೆದುಕೊಂಡೇ ಬಂದಿದ್ದರು. "ಯಾರ್ದಲಾ ಮದ್ವೆ, ಆಸಾಡದಾಗೆ?" ಎಂದು ಒಬ್ಬ ಕೇಳಿದ. ಅವನ ಹಿಂದೆ ಬಾಗಿಲಲ್ಲಿ ನಿಂತಿದ್ದವರು ಹುಡುಗಿಯ ಅಪ್ಪ. ಎತ್ತು ನೋಡಲು ಸಂತೆಗೆ ಬಂದಿದ್ದವರು ನನ್ನ ದನಿ ಗುರುತಿಸಿ ಬಂದಿದ್ದರು.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವರು ಬೈಯಲಿಲ್ಲ. ಹೆಂಡದ ಮಡಕೆಗಳನ್ನು ದಾಟಿ ಹತ್ತಿರ ಬಂದು, ಬೇರೆಯವರಿಗೆ ಕೇಳಬಾರದೆಂದು ದನಿ ತಗ್ಗಿಸಿದರು. "ನೀನು ಒಳ್ಳೆ ಉಡ್ಗನೇ ಕಣಪ್ಪ. ಆದ್ರೆ ನಮ್ ಮಗೀನ ನಿಂಗೆ ಕೊಡಕಾಗಕಿಲ್ಲ. ನಿಮ್ಮವ್ವಂಗೆ ನೀನೇ ಮೆತ್ತಗೆ ಯೋಳ್ಬುಡು."

ಮೈಕು ಇನ್ನೂ ಆರಿರಲಿಲ್ಲ. ಸ್ವಿಚ್ಚಿನ ಮೇಲೆ ಕೈ ಇತ್ತು, ಬೆರಳು ಆಡಲಿಲ್ಲ. ನನ್ನ ಮಾನ ಉಳಿಸಲು ಆಡಿದ ಪಿಸುಮಾತು ಸಂತೆಯ ಮೇಲೆಲ್ಲ ಗುಡುಗಿತು. ಕೊನೆಯ ಮಾತಿಗೆ ಅವರಿಗೂ ಅದು ಗೊತ್ತಾಯಿತು. ಮುಖ ಕಪ್ಪಿಟ್ಟಿತು. ನನ್ನ ಭುಜ ಮುಟ್ಟಿ ಹೊರಟುಹೋದರು. ಬ್ಯಾಂಡಿನವರು ನನ್ನ ಮುಖ ನೋಡದೆ ಬಾರಿಸಲು ಶುರುಮಾಡಿದರು.

ಸಂಜೆ ಸೆಟ್ಟು ಹೊತ್ತುಕೊಂಡು ಅವ್ವನ ಹತ್ತಿರ ಹೋದೆ. ಸೊಪ್ಪು ಕಟ್ಟು ಬಿಚ್ಚದೆ ಬಾಡಿತ್ತು. ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು. ಸೆಟ್ಟು ಇಳಿಸಿ ಪಕ್ಕದಲ್ಲಿ ಕೂತೆ.

"ಅವ್ವಾ" ಎಂದೆ.

"ಕೇಳುಸ್ತು ಬುಡು" ಎಂದಳು.