ಪಿಳ್ಳಕ್ಕನ ಕೋಲಿನ ಹುಡುಗೀರು

ಮುದ್ದೆ ತಿರುವಿದ ಮೇಲೆ ಯಾರಾದರೂ ಮುದ್ದೆಕೋಲನ್ನು ನೀರಿನಲ್ಲಿ ನೆನೆಹಾಕುತ್ತಾರೆ. ನಮ್ಮ ಪಕ್ಕದ ಮನೆಯ ಪಿಳ್ಳಕ್ಕ ಮಾತ್ರ ಆಗಿಂದಾಗಲೇ ತೊಳೆದು, ಸೆರಗಿನಲ್ಲಿ ಒರೆಸಿ, ಬೆರಳುಗಳ ಸಂದಿಯಲ್ಲಿ ಮೂರು ಸುತ್ತು ಗಿರ್ರನೆ ತಿರುಗಿಸಿ, ಆಮೇಲೆ ಮೊಳೆಗೆ ನೇತುಹಾಕುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ನಾನು ಸಾರಿನ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದೆ.

“ಏನ್ ಸರೋಜಾ, ಹಂಗ್ ನೋಡ್ತೀಯ? ಕೆಲಸ ಬುಟ್ರೂ ಬೆರಳು ಬುಟ್ಟಿಲ್ಲ ಕಣೆ,” ಎಂದರು.

ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ನಮ್ಮ ಬೀದಿಯಲ್ಲಿ ಹೆಚ್ಚಿನವರು ಕಾರ್ಖಾನೆ ಶಿಫ್ಟಿನವರು. ಪಿಳ್ಳಕ್ಕ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತರಾದವರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, “ಲೆಫ್ಟ್ ರೈಟ್ ಅನ್ನೋ ಗಲಾಟೇಲಿ ಮರ್ತೋಯ್ತು,” ಎನ್ನುತ್ತಿದ್ದರು. ಶಾಲೆಯ ಬ್ಯಾಂಡಿನ ಮುಂದೆ ತಿರುಗಿಸುವ ಬೆಳ್ಳಿಬಣ್ಣದ ಕೋಲನ್ನು ಕೊನೆಯ ದಿನ ಬೀರುವಿನಲ್ಲಿಟ್ಟು ಬೀಗದಕೈ ಒಪ್ಪಿಸಿ ಬಂದಿದ್ದರು. ಆಮೇಲೆ ಅವರಿಗೆ ಉಳಿದದ್ದು ಈ ಮುದ್ದೆಕೋಲು, ಮತ್ತೆ ಎರಡು ಬಿಸ್ಕತ್ತಿನ ಡಬ್ಬಗಳು.

ಆ ಡಬ್ಬಗಳ ತುಂಬ ಹಳೇ ಕಾಲದ ಫೋಟೊ ಪೋಸ್ಟ್‌ಕಾರ್ಡು. ಎಲ್ಲದರಲ್ಲೂ ಒಂದೇ ವಿಷಯ: ಬ್ಯಾಂಡಿನ ಮುಂದೆ ಕೋಲು ತಿರುಗಿಸುತ್ತ ನಡೆಯುವ ಹೊರದೇಶದ ಹುಡುಗಿಯರು. ಮೊಣಕಾಲುದ್ದದ ಬಿಳೀ ಬೂಟು, ತಲೆಯ ಮೇಲೆ ಕೊಡದಷ್ಟು ಎತ್ತರದ ಟೋಪಿ, ಅದಕ್ಕೊಂದು ಗರಿ. ಶಾಲೆಯ ಡ್ರಮ್ಮಿಗೆ ಚರ್ಮ ತರಲು ಬೆಂಗಳೂರಿಗೆ ಹೋದಾಗ ಫುಟ್‌ಪಾತಿನ ಹಳೇ ಪುಸ್ತಕದಂಗಡಿಯಲ್ಲಿ ಮೊದಲನೆಯದು ಸಿಕ್ಕಿತಂತೆ. ಆಮೇಲೆ ಅಂಗಡಿಯವನೇ ಇಂಥವು ಬಂದರೆ ಎತ್ತಿಡುತ್ತಿದ್ದ. ಪಿಳ್ಳಕ್ಕ ಒಬ್ಬೊಬ್ಬಳಿಗೂ ಹೆಸರಿಟ್ಟಿದ್ದರು. “ಇವಳು ಗೌರಿ, ಸೊಟ್ಟ ನಿಂತವ್ಳೆ. ಇವಳು ಶಾರದಿ, ಬೂಟು ಕಚ್ತಾ ಐತೆ, ಮುಖ ನೋಡು.” ಒಂದು ದಿನ ನಾನು ಕಾರ್ಡು ತಿರುಗಿಸಿ ಹಿಂದಿನ ಬರಹ ನೋಡಹೋದೆ. ಕೈಮೇಲೆ ಪಟ್ಟನೆ ಹೊಡೆದರು. “ಅದು ಬ್ಯಾರೇರ ಮನೆ ಕಾಗದ ಕಣೆ, ಓದಬಾರ್ದು.”

ಡಬ್ಬದ ತಳದಲ್ಲಿ ಅವರದೇ ಒಂದು ಫೋಟೊ ಇತ್ತು. ಹೊಸೂರಿನ ಶಾಲೆಯಲ್ಲಿ ಒಂಬತ್ತನೇ ಕ್ಲಾಸು ಓದುವಾಗ, ಆಟೋಟದ ದಿನ, ಬ್ಯಾಂಡಿನ ಮುಂದೆ ತೆಗೆದದ್ದು. ಎರಡು ಜಡೆ, ಮೇಲೆತ್ತಿದ ಬಲಗೈ, ತೆರೆದ ಬಾಯಿ, ಆಕಾಶ ನೋಡುವ ಕಣ್ಣು. ಕೈ ಮಾತ್ರ ಖಾಲಿ. ಕೋಲನ್ನು ಅವರು ಮೇಲಕ್ಕೆ ಎಸೆದಿದ್ದರು. ಅದು ಫೋಟೊದ ಅಂಚು ದಾಟಿ ಹೋಗಿತ್ತು. ಸ್ಟುಡಿಯೋದವನು “ಇಂಗೆ ಪಾರಮ್ಮಾ, ಇಂಗೆ ಪಾರು” ಎಂದು ತಮಿಳಿನಲ್ಲಿ ಕೂಗುತ್ತಲೇ ಬಟನ್ ಒತ್ತಿದ್ದನಂತೆ. “ಅವನನ್ನ ನೋಡಿದ್ರೆ ಕೋಲು ತಲೆಮ್ಯಾಲೆ ಬೀಳ್ತಿತ್ತು. ನಾನು ಹಿಡದೆ ಕಣೆ. ಸರಿಯಾಗಿ ಹಿಡದೆ.”

ಹಿಡಿದದ್ದನ್ನು ನಂಬದವರು ಒಬ್ಬರೇ: ಅವರ ಅಣ್ಣ ಮುನಿರಾಜಣ್ಣ. ತಳಿ ಎಂಬ ಊರಿನ ಕಡೆ ಬೀನ್ಸು, ರಾಗಿ ಬೆಳೆಯುವವರು. ಹದಿನೈದು ದಿನಕ್ಕೊಮ್ಮೆ ತರಕಾರಿ ಚೀಲ ಹೊತ್ತು ಬಸ್ಸಿಳಿದು ಬರುತ್ತಿದ್ದರು. ಆ ಫೋಟೊ ತೆಗೆದ ದಿನ ಅವರು ಶಾಲೆಗೇ ಬಂದಿರಲಿಲ್ಲ, ಹೊಲದಲ್ಲಿದ್ದರು. ಆದರೂ ಫೋಟೊ ನೋಡಿದಾಗಿನಿಂದ ಒಂದೇ ಮಾತು: “ಬೀಳಿಸ್ಬುಟ್ಟು ಕಾಗೆ ನೋಡ್ತಾವ್ಳೆ.” ಐವತ್ತು ವರ್ಷ ಹೀಗೇ ರೇಗಿಸಿದರು. ಪಿಳ್ಳಕ್ಕ ನಗುತ್ತಿದ್ದರು, ಆದರೆ ಅಣ್ಣ ಬಸ್ಸು ಹತ್ತಿದ ಮೇಲೆ ಡಬ್ಬ ತೆಗೆದು ಒಂದೊಂದೇ ಕಾರ್ಡು ಮತ್ತೆ ನೋಡುತ್ತಿದ್ದರು. ಎಲ್ಲ ಹುಡುಗಿಯರ ಕೋಲೂ ಕೈಯಲ್ಲೇ. ಗಾಳಿಯಲ್ಲಿ ಕೋಲಿರುವ ಒಂದು ಕಾರ್ಡು ಸಿಕ್ಕಿದರೆ ಸಾಕು, ಅಣ್ಣನ ಮುಂದೆ ಹಿಡಿಯಬೇಕು. ಅವರಿಗಿದ್ದದ್ದು ಅದೊಂದೇ ಆಸೆ.

ಕೊನೆಗೆ ಅಂಥದ್ದೊಂದು ಇರುವ ಸುದ್ದಿ ಬಂತು. ಇಂಥವನ್ನೇ ಕೂಡಿಸುವ ಬೆಂಗಳೂರಿನ ಒಬ್ಬರ ಬಳಿ ಇದೆಯೆಂದು ಪುಸ್ತಕದಂಗಡಿಯವನು ಹೇಳಿ ಕಳಿಸಿದ. ಪಿಳ್ಳಕ್ಕನ ಬಳಿ ಹನ್ನೆರಡು ಹುಡುಗಿಯರು ಸಾಲಾಗಿ ನಿಂತ ಕಾರ್ಡೊಂದಿತ್ತು; ಅದನ್ನು ಕೊಟ್ಟರೆ ಬದಲಿಗೆ ಇದನ್ನು ಕೊಡುತ್ತೇನೆಂದು ಅವರು ಕಾರಿನಲ್ಲಿ ಬಂದೇಬಿಟ್ಟರು. ಅವತ್ತು ಮುನಿರಾಜಣ್ಣನೂ ಜಗಲಿಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಬಂದವರು ಕೈಗೆ ಬಿಳೀ ಗ್ಲೌಸು ಹಾಕಿಕೊಂಡು, ಭೂತಗನ್ನಡಿ ಹಿಡಿದು ಕಾರ್ಡಿನ ಮೇಲೆ ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು.

“ಹಣೆ ಮೇಲೆ ಕೆಂಪಗೆ ಏನಮ್ಮ ಇದು?”

“ಕುಂಕುಮ ಸಾರ್. ಆಯುಧಪೂಜೆ ದಿನ ಇಡ್ತೀನಲ್ಲ.”

“ಹನ್ನೆರಡು ಜನಕ್ಕೂ?”

“ಒಬ್ಬಳಿಗಿಟ್ಟು ಇನ್ನೊಬ್ಬಳಿಗೆ ಬಿಡಕ್ಕಾಯ್ತದಾ ಸಾರ್? ಬರೀ ಹಣೇಲಿ ಹಬ್ಬ ಮಾಡ್ತಾರಾ?”

ಅವರು ಇನ್ನೊಂದು ಕಾರ್ಡು ತೆಗೆದರು, ಮತ್ತೊಂದು ತೆಗೆದರು. ವರ್ಷ ವರ್ಷವೂ ಇಟ್ಟು ಇಟ್ಟು ಎಲ್ಲರ ಹಣೆಯಲ್ಲೂ ಕುಂಕುಮ ಕಚ್ಚಿಕೊಂಡಿತ್ತು. ಅವರು ಮೆಲ್ಲಗೆ ಗ್ಲೌಸು ಬಿಚ್ಚಿದರು. “ಕ್ಷಮಿಸಿ ಅಮ್ಮ. ಕಲೆಯಾದವನ್ನು ತಗೊಳ್ಳೋಕೆ ಆಗಲ್ಲ.”

ಪಿಳ್ಳಕ್ಕನ ಮುಖ ಒಂದು ಗಳಿಗೆ ಸಣ್ಣಗಾಯಿತು. ಆಮೇಲೆ, “ಕಾಪಿ ಕುಡಿಯೋಗಂಟ ನಿಮ್ಮದನ್ನ ನೋಡ್ಲಾ?” ಎಂದರು. ಪಾಪ, ಕೊಟ್ಟರು. ಒಬ್ಬಳೇ ಹುಡುಗಿ, ಹಿಂದೆ ಯಾವುದೋ ಹೆಂಚಿನ ಮನೆ. ಅದರ ಮೇಲೆ, ಆಕಾಶದಲ್ಲಿ, ಕಡ್ಡಿಯಷ್ಟು ಸಣ್ಣದಾಗಿ ಕೋಲು. ಕೆಳಗೆ ಖಾಲಿ ಕೈ, ತೆರೆದ ಬಾಯಿ.

“ಅಣ್ಣಾ, ನೋಡಿಲ್ಲಿ! ಇವಳೂ ನನ್ನಂಗೇ ಬಾಯಿ ಬುಟ್ಕಂಡವ್ಳೆ!”

ಮುನಿರಾಜಣ್ಣ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಮ್ಯಾಕೋಗದೇನೋ ದಿಟ. ಕೆಳಕ್ಕೆ ಬಂದಾಗ ಈವಮ್ಮನೂ ಬೀಳಿಸಿರ್ತಾಳೆ ಬುಡು,” ಎಂದು ವಾಪಸ್ಸು ಕೊಟ್ಟರು.

ಪಿಳ್ಳಕ್ಕ ಒಳಗೆ ಹೋದರು. ಅಳುವುದಕ್ಕೆ ಹೋದರೇನೋ ಅಂದುಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುದ್ದೆಕೋಲು ಹಿಡಿದು ಹೊರಗೆ ಬಂದರು. ನಡುಬೀದಿಯಲ್ಲಿ ನಿಂತು, “ಸರೋಜಾ, ಫೋನ್ ತಗಿ,” ಎಂದರು. ಅರವತ್ತನಾಲ್ಕು ವರ್ಷದ ಹೆಂಗಸು ಎಡ ಬಲ ಎಂದು ನಾಲ್ಕು ಹೆಜ್ಜೆ ಹಾಕಿ ಕೋಲನ್ನು ಎಸೆದರು. ಅದು ಕರೆಂಟಿನ ತಂತಿಯನ್ನೂ ದಾಟಿ, ಎದುರು ಮನೆಯ ತಾರಸಿಯ ಮೇಲೆ ಒಣಹಾಕಿದ ಬಟ್ಟೆಯಷ್ಟು ಎತ್ತರ ಹೋಗಿ, ಎರಡು ಪಲ್ಟಿ ಹೊಡೆದು, ಬಂದು, ಅವರ ಅಂಗೈಯಲ್ಲಿ ಟಪ್ಪನೆ ಕೂತಿತು.

ಬೆಂಗಳೂರಿನವರ ಕಾಪಿ ಗ್ಲಾಸು ತುಟಿಯ ಹತ್ತಿರವೇ ನಿಂತಿತ್ತು. ಮುನಿರಾಜಣ್ಣ ಕೈಯಲ್ಲಿದ್ದ ಬೀನ್ಸು ಕೆಳಗಿಟ್ಟು, ಸಣ್ಣ ದನಿಯಲ್ಲಿ ಕೇಳಿದರು: “ಇನ್ನೊಂದ್ ಕಿತ ಹಾಕಮ್ಮಿ.”

“ಹೋಗಣ್ಣ, ಉಸಿರೇ ಬತ್ತಾ ಇಲ್ಲ!”

ಫೋನು ನೋಡಿದರೆ ನಾನು ತೆಗೆದದ್ದು ಒಂದೇ ಫೋಟೊ. ಮೇಲೆತ್ತಿದ ಕೈ, ತೆರೆದ ಬಾಯಿ. ಕೋಲಿಲ್ಲ. ನಾನೂ ಕೋಲನ್ನೇ ನೋಡುತ್ತ ಬಟನ್ ಒತ್ತಿಬಿಟ್ಟಿದ್ದೆ. ಪಿಳ್ಳಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನೀನು ಆ ಸ್ಟುಡಿಯೋದೋನ ತಂಗಿ ಕಣೆ!”

ಹೋದ ಚಳಿಗಾಲದಲ್ಲಿ ಪಿಳ್ಳಕ್ಕ ಎರಡೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ಡಬ್ಬಗಳನ್ನೂ ಮುದ್ದೆಕೋಲನ್ನೂ ಮುನಿರಾಜಣ್ಣ ತಳಿಗೆ ಒಯ್ದರು. ಈ ಸಲದ ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ಟ್ರ್ಯಾಕ್ಟರಿನ ಮುಂದೆ ಚಾಪೆ ಹಾಸಿ ಕಾರ್ಡುಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರು, ಎಲ್ಲರ ಹಣೆಗೂ ಹೊಸ ಕುಂಕುಮ. ಕೊನೆಯಲ್ಲಿ ಒಂದೇ ಚೌಕಟ್ಟಿನಲ್ಲಿ ಎರಡು ಫೋಟೊ: ಎರಡು ಜಡೆಯ ಪಿಳ್ಳಕ್ಕ, ನರೆತ ಕೂದಲಿನ ಪಿಳ್ಳಕ್ಕ. ಇಬ್ಬರ ಕೈಯೂ ಖಾಲಿ.

ಬೀನ್ಸು ತುಂಬಲು ಬಂದ ಗಾಡಿಯವನು ಬಗ್ಗಿ ನೋಡಿ, “ಏನ್ ನೋಡ್ತಾ ಅವ್ರೆ ಮ್ಯಾಕೆ?” ಎಂದ.

ಮುನಿರಾಜಣ್ಣ ಕುಂಕುಮದ ಬೆರಳನ್ನು ಪಂಚೆಗೆ ಒರೆಸಿಕೊಂಡರು.

“ಕೋಲು ಮ್ಯಾಲೈತೆ ಕಣ್ಲಾ. ಹಿಡ್ಕಂತಾಳೆ, ತಡಿ.”