ಬಾಣಂತಿ ಕೋಣೆಯ ಕಿಟಕಿ

ದೊಡ್ಡವ್ವನಿಗಿಂತ ಮುಂಚೆ ದೊಡ್ಡವ್ವನ ಮೂಗು ಮನೆಯೊಳಗೆ ಬರುತ್ತಿತ್ತು. ಉದ್ದನೆಯ ಮೂಗು, ಎಡಕ್ಕೊಂದು ಕೆಂಪು ಹರಳಿನ ಮೂಗುಬೊಟ್ಟು. ಹೊಸ್ತಿಲಲ್ಲೇ ನಿಂತು ಅದನ್ನು ಅರಳಿಸಿ, 'ಗ್ಯಾಸ್ ಪೈಪು ಬದ್ಲಾಯ್ಸು' ಎನ್ನುವಳು. ಕುದಿಯುವ ಪಾತ್ರೆ ನೆಲದ ಮೇಲಿದ್ದರೆ ಎತ್ತಿ ಕಟ್ಟೆಗೆ ಇಡುವಳು. ರೇಷ್ಮೆ ಹುಳು ಸಾಕುವ ಮನೆ ತೊಳೆಯುವ ಔಷಧಿಯನ್ನು ಯಾರಾದರೂ ಜ್ಯೂಸ್ ಬಾಟಲಿಗೆ ಸುರಿದಿಟ್ಟಿದ್ದರೆ ಮುಗಿಯಿತು, ಆ ಮನೆಯವರ ಮಾನ ಬೀದಿಪಾಲು. ನಮಗೆ ಅವಳು ರಕ್ತಸಂಬಂಧವೇನಲ್ಲ, ಮುಳ್ಳೂರಿನ ನನ್ನ ತವರಿನ ಎದುರು ಮನೆಯವಳು. 'ಬಂತು ತಪಾಸಣೆ' ಎಂದು ಗೊಣಗಿಕೊಂಡೇ ನಮ್ಮವ್ವ ಅವಳಿಗೆ ಕಾಫಿ ಕಾಯಿಸುತ್ತಿದ್ದಳು.

ಅವಳ ಒಬ್ಬಳೇ ಮಗಳು ಬಾಣಂತನದಲ್ಲಿ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ದೆವ್ವ ಮೆಟ್ಟಿಕೊಂಡಿತು ಎಂದರು ಊರವರು. ಅಂದಿನಿಂದ ಬಾಣಂತಿ ಇರುವ ಕೋಣೆಗೆ ಮಾತ್ರ ಅವಳನ್ನು ಯಾರೂ ಬಿಡುತ್ತಿರಲಿಲ್ಲ, ಅವಳ ನೆರಳು ಕೂಸಿಗೆ ಆಗುವುದಿಲ್ಲವಂತೆ.

ನನ್ನ ಚೊಚ್ಚಲ ಹೆರಿಗೆ ಚಳಿಗಾಲಕ್ಕೆ ಬಿತ್ತು. ನನ್ನ ಕಿವಿಗೆ ಬಟ್ಟೆ ಕಟ್ಟಿ, ಕಿಟಕಿ ಮುಚ್ಚಿ, ಸಂದಿಗೆಲ್ಲ ಗೋಣಿ ತುರುಕಿ, ಮಂಚದ ಕೆಳಗೆ ಬಾಂಡಲಿಯಲ್ಲಿ ಇದ್ದಿಲ ಕೆಂಡ ಇಟ್ಟರು. ಪಕ್ಕದ ಕೋಣೆಯಲ್ಲಿ ರೇಷ್ಮೆ ಹುಳು. ಅವುಗಳಿಗೂ ಕೆಂಡವೇ. ಆದರೆ ಅಲ್ಲಿ ಕಿಟಕಿ ಒಂದು ಗೇಣು ತೆರೆದೇ ಇರುತ್ತಿತ್ತು. ಮುಚ್ಚಿದರೆ ಹುಳು ಸಾಯುತ್ತವೆ ಎಂದು ರೇಷ್ಮೆ ಇಲಾಖೆಯವರು ಹೇಳಿದ್ದನ್ನು ಅವ್ವ ಒಂದು ದಿನವೂ ಮರೆತವಳಲ್ಲ. ಹುಳುವಿಗೆ ಬಿಟ್ಟ ಆ ಒಂದು ಗೇಣು ಮಗಳಿಗೂ ಬೇಕು ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ದೊಡ್ಡವ್ವ ಹೊರಗೆ ಜಗಲಿಯಲ್ಲಿ ಕೂತು ಗೋಡೆ ಬಡಿಯುವಳು. 'ಏನವ್ವಾ, ಮಾತಾಡು.' 'ಇದ್ದೀನಿ ದೊಡ್ಡವ್ವ.' ಕಣ್ಣು ಹತ್ತಿತು ಅನ್ನುವಾಗ ಮತ್ತೆ ಬಡಿತ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅವ್ವನ ಹತ್ತಿರ ಅವಳು ಅಂಗಲಾಚುವುದೂ ಕೇಳುತ್ತಿತ್ತು. 'ನಿನ್ ಕಾಲ್ಗೆ ಬೀಳ್ತೀನಿ, ಕಿಟ್ಕೀದು ಒಂದು ಕದನಾದ್ರೂ ತೆಗ್ದು ಮಡಗವ್ವ.' 'ಕೂಸ್ಗೆ ಸೀತ ಆಯ್ತದೆ, ನೀ ಓಗಕ್ಕ ಅತ್ತಾಗೆ' ಎಂದು ಅವ್ವ ಗದರುತ್ತಿದ್ದಳು.

ಒಂದು ಮಧ್ಯಾಹ್ನ ಮನೆಯವರೆಲ್ಲ ಹುಳುವಿಗೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ನನಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಗೋಡೆ ಬಡಿದದ್ದು ಕೇಳಿಸಿತು. ಉತ್ತರ ಕೊಡಬೇಕು ಅನ್ನಿಸಿದರೂ ನಾಲಿಗೆ ಏಳಲಿಲ್ಲ. ಕೂಸಿನ ಕಡೆ ಕೈ ಚಾಚಲು ಹೋದೆ, ಆಗಲಿಲ್ಲ. ಅಯ್ಯೋ ಶಿವನೇ, ಕೂಸು ಅಳುತ್ತಿಲ್ಲವಲ್ಲ ಅನ್ನುವುದೊಂದೇ ಗೊತ್ತಾದದ್ದು.

ಕಣ್ಣು ಬಿಟ್ಟಾಗ ಅಂಗಳದ ಬಿಸಿಲಲ್ಲಿ ಬಿದ್ದಿದ್ದೆ. ದೊಡ್ಡವ್ವ ಬಾಗಿಲು ನೂಕಿ ನುಗ್ಗಿ ಇಬ್ಬರನ್ನೂ ಎಳೆದು ತಂದಿದ್ದಳು. ಕೂಸಿನ ಅಂಗಾಲು ಉಜ್ಜುತ್ತಾ, 'ಅಳು ನನ್ ಕಂದಾ, ಒಂದ್ಸಲ ಅಳು' ಎಂದು ತಾನೇ ಅಳುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಕೂಸು ಅತ್ತಿತು. ಅಷ್ಟರಲ್ಲಿ ಅವ್ವ ಸೊಪ್ಪಿನ ಹೊರೆ ಹೊತ್ತು ಬಂದಳು, ಬೀದಿಯೇ ನೆರೆಯಿತು. 'ಅಸಿ ಬಾಣಂತಿನ ಬಯಲ್ಗೆ ಎಳ್ದಾಕಿದ್ದೀಯಲ್ಲ. ನಿನ್ ಮಗಳ್ನ ಮೆಟ್ಕಂಡ ದೆವ್ವ ನನ್ ಮಗಳ್ನೂ ಮೆಟ್ಲಿ ಅಂತಾನಾ?' ಎಂದು ಅವ್ವ ಎದೆ ಬಡಿದುಕೊಂಡಳು.

ದೊಡ್ಡವ್ವ ಕೂಸನ್ನು ನನ್ನ ಮಡಿಲಿಗೆ ಹಾಕಿ ಎದ್ದು ನಿಂತಳು.

'ದೆವ್ವ ಅಲ್ಲ ಕಣ್ರವ್ವಾ, ನಾನೇ. ಬಾಂಡ್ಲಿ ತುಂಬ ಕೆಂಡ ಮಡಗಿ, ನನ್ ಕೈಯಾರ ಕದ ಆಕ್ಕಂಡು ಸೊಪ್ಪಿಗೆ ಓದೆ. ಬಂದು ನೋಡುದ್ರೆ ಇಬ್ರೂ ತಣ್ಗಾಗಿದ್ರು. ಕೆಂಡದ ವಿಸ ಅಂತ ಕೊಳ್ಳೇಗಾಲದ ಡಾಕ್ಟ್ರು ಏಳುದ್ರು. ನಾನೇ ಬಾಯಿ ಬುಡ್ಲಿಲ್ಲ. ಅದ್ಕೆ ವಾಸ್ನೆ ಇಲ್ಲ ಕಣ್ರವ್ವಾ, ನನ್ ಮೂಗ್ಗೂ ಸಿಕ್ಕಕಿಲ್ಲ.'

ಅವ್ವ ಒಳಗೆ ಹೋಗಿ ಗೋಣಿ ಕಿತ್ತು ಕಿಟಕಿ ತೆಗೆದಳು. ಆಮೇಲೆ ಒಬ್ಬೊಬ್ಬರಾಗಿ ಬೀದಿಯವರೂ ತಮ್ಮ ಮನೆಯ ಬಾಣಂತಿ ಕೋಣೆಯ ಕಿಟಕಿ ತೆಗೆದರು. ಆದರೆ ಅಲ್ಲಿಯ ತನಕ 'ಪಾಪ' ಎನ್ನುತ್ತಿದ್ದ ಊರು ಅಂದಿನಿಂದ ಅವಳನ್ನು 'ಮಗಳ್ನ ಕೊಂದೋಳು' ಎಂದಿತು. ಮದುವೆಗೆ ಕರೆಯಲಿಲ್ಲ, ಹಬ್ಬದಲ್ಲಿ ಅರಿಶಿನ ಕುಂಕುಮ ಕೊಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಬರೀ ಕೆಂಡದ ಮಾತು ಹೇಳಿದ್ದರೆ ಸಾಕಿತ್ತಲ್ಲ ದೊಡ್ಡವ್ವ, ನಿನ್ನದನ್ನ ಯಾಕೆ ಹೇಳೋಕೆ ಹೋದೆ ಎಂದು ಜಗಳಕ್ಕೇ ನಿಂತೆ.

'ಇಷ್ಟು ವರ್ಸ ಬರೀ ಕೆಂಡ ಅಂತಾನೇ ಬಡ್ಕಂಡೆ, ಕೇಳುದ್ರಾ? ಅಂಗೇ ಅನ್ಲಿ ಬುಡು. ನಾ ಸತ್ಮ್ಯಾಲೆ ನೀನೂ ಅಂಗೇ ಅನ್ನು' ಎಂದಳು.

ಕಳೆದ ವರ್ಷ ಆಷಾಢದಲ್ಲಿ ಹೋದಳು. ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಜನ. ಅವಳು ಉಳಿಸಿದ ನನ್ನ ಮಗಳೇ ಕೊನೆಗೆ ಬಾಯಿಗೆ ನೀರು ಬಿಟ್ಟಳು.

ಈಗ ಯಳಂದೂರಿರಲಿ ಹನೂರಿರಲಿ, ನಂಟರ ಮನೆಯಲ್ಲಿ ಹೆರಿಗೆ ಎಂದರೆ ನಾನೇ ಹೋಗುತ್ತೇನೆ. ಕೆಂಡ ತೆಗೆಯಿರಿ, ಕಿಟಕಿ ತೆರೆಯಿರಿ ಎಂದರೆ ನಗುತ್ತಾರೆ. ದೊಡ್ಡವ್ವನ ಕಥೆ ಶುರು ಮಾಡುತ್ತೇನೆ. 'ಯಾರು, ಆ ಮಗಳ್ನ ಕೊಂದೋಳಾ?' ಎಂದು ಕೇಳುತ್ತಾರೆ. ನನ್ನನ್ನೂ ನನ್ನ ಕೂಸನ್ನೂ ಸಾವಿನ ಬಾಯಿಂದ ಎಳೆದು ತಂದವಳು ಅವಳು. ಆದರೂ ಅವಳು ಹೇಳಿಕೊಟ್ಟಂತೆ, 'ಊಂ ಕಣವ್ವ, ಮಗಳ್ನ ಕೊಂದೋಳೇ' ಅನ್ನುತ್ತೇನೆ. ಆಗ ಎದ್ದು ಹೋಗಿ ಕಿಟಕಿ ತೆಗೆಯುತ್ತಾರೆ.